‘ಅಬ್ಯೂಸ್’ ಶಬ್ದದ ಅರ್ಥವ್ಯಾಪ್ತಿ

ಆಂಗ್ಲ ಭಾಷೆಯ ‘ಅಬ್ಯೂಸ್’ ಶಬ್ದಕ್ಕೆ ಲ್ಯಾಟಿನ್ನಿನ ‘ಅಬೂತಿ’ ಎಂಬುದು ಮೂಲ. ‘ಅಬ್’ ಎಂದರೆ ಆಚೆಗೆ, ‘ಊತಿ’ ಎಂದರೆ ಬಳಸುವುದು. ದಾರಿತಪ್ಪಿದ ಬಳಕೆಯೇ ಬೀಜಾರ್ಥ. ಷೇಕ್ಸ್‌ಪಿಯರನ ಕಾಲದಲ್ಲಿ ವಂಚಿಸು ಎಂಬ ಅರ್ಥವೂ ಇದ್ದು, ಈಗ ಲುಪ್ತವಾಗಿದೆ. ಕನ್ನಡದಲ್ಲಿ ಇದಕ್ಕೆ ಏಕಪದವಿಲ್ಲ, ಇಲ್ಲದಿರುವುದೇ ಲೇಸು. ಅಧಿಕಾರದ ವಿಷಯದಲ್ಲಿ ದುರುಪಯೋಗ, ಮಾತಿನಲ್ಲಾದರೆ ಬೈಗುಳ, ಮಾದಕವಸ್ತುವಿನಲ್ಲಿ ದುರ್ವ್ಯಸನ, ದುರ್ಬಲರ ಮೇಲಾದರೆ ದೌರ್ಜನ್ಯ.

ಇವುಗಳಲ್ಲಿ ಬೈಗುಳವೆಂಬ ಅರ್ಥವೇ ಜನರಲ್ಲಿ ಹೆಚ್ಚು ರೂಢ. ‘ಚೈಲ್ಡ್ ಅಬ್ಯೂಸ್’ ಎಂಬುದನ್ನು ಮಗುವನ್ನು ಬೈಯುವುದೆಂದಷ್ಟೇ ಗ್ರಹಿಸಿದ ಉಪಾಧ್ಯಾಯನು ಹೊಡೆತ, ಉಪೇಕ್ಷೆ, ಲೈಂಗಿಕ ಹಿಂಸೆಗಳನ್ನು ಕಂಡೂ ಕಾಣದೆ ಹೋದಾನು. 2012ರ ಪೋಕ್ಸೋ ಕಾಯಿದೆಯಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಅರಿತವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ದಂಡನಾರ್ಹ.