ಗುಡ್ಡದ ದಾರಿಯ ಬೈಕು: ಪೆಟ್ರೋಲು ಕಾಯಿಲೆಯನ್ನು ಪತ್ತೆಹಚ್ಚುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಎತ್ತಿನ ಜಾಗಕ್ಕೆ ಈಗ ಬೈಕು ಬಂದಿದೆ. ಬರೆ ಹಾಕುವ ಅಭ್ಯಾಸ ಮಾತ್ರ ಹೋಗಿಲ್ಲ. ಏರಿನಲ್ಲಿ ಬೈಕು ಕೆಮ್ಮಿತೆಂದರೆ ಕೂಡಲೆ ಕಾರ್ಬುರೇಟರನ್ನು ಬಿಚ್ಚುವುದು, ಕಂಡ ತಿರುಪನ್ನೆಲ್ಲ ತಿರುಗಿಸುವುದು, ಕಡೆಗೆ ಹೊಸದನ್ನೇ ಕೊಂಡು ತರುವುದು. ಹೀಗೆ ಹಣ ಕಳೆದುಕೊಂಡವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ. ಕಾಯಿಲೆ ಎಲ್ಲಿದೆಯೆಂದು ತಿಳಿದ ಮೇಲೆಯೇ ಸ್ಪ್ಯಾನರು ಹಿಡಿಯಬೇಕೆಂಬುದು ನಾವು ಇಲ್ಲಿ ಹೇಳಹೊರಟಿರುವ ಮಾತು.

ವಯನಾಡಿನಲ್ಲಿ ಇದು ಬರಿಯ ಹಣದ ಪ್ರಶ್ನೆಯಲ್ಲ. ಪುಲ್ಪಳ್ಳಿ, ತಿರುನೆಲ್ಲಿ, ಬಾವಲಿ, ಮುತ್ತಂಗದ ಕಡೆ ನಾವು ಹಾಲು ಸಾಗಿಸುವ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವ ದಾರಿಗಳು ಕಾಡನ್ನು ಒತ್ತಿಕೊಂಡೇ ಹೋಗುತ್ತವೆ. 2024ರ ಫೆಬ್ರವರಿಯಲ್ಲಿ ಮಾನಂತವಾಡಿಯ ಹತ್ತಿರ ಪಡಮಲದಲ್ಲಿ ಕಾಡಾನೆಯೊಂದು ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದುದನ್ನು ಯಾರೂ ಮರೆತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ ತಡೆಯುಂಟು. ಗುಂಡ್ಲುಪೇಟೆಗೆ ಹೋಗಿ ಸಂಜೆ ಮರಳುವವನ ಬೈಕು ನಡುಕಾಡಿನಲ್ಲಿ ನಿಂತರೆ ಆಗುವ ಕಷ್ಟವನ್ನು ವಿವರಿಸಬೇಕಾಗಿಲ್ಲ.

2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳು ಬಹುಪಾಲು ಇಂಜೆಕ್ಷನ್ ಏರ್ಪಾಡಿನವು. ಆದರೆ 2011ರಲ್ಲಿ ಬಂದ ಹೀರೋ ಇಂಪಲ್ಸ್, 2019ರ ಎಕ್ಸ್‌ಪಲ್ಸ್ 200ರ ಕಾರ್ಬುರೇಟರ್ ಮಾದರಿ ಮುಂತಾದ ಕಾಡುದಾರಿಯ ಬೈಕುಗಳೂ, ಹಳೆಯ ಸ್ಪ್ಲೆಂಡರ್, ಬುಲೆಟ್‌ಗಳೂ ತೋಟಗಳಲ್ಲಿ ಇನ್ನೂ ದುಡಿಯುತ್ತಿವೆ. ನಮ್ಮ ಮಾತು ಮುಖ್ಯವಾಗಿ ಇವುಗಳನ್ನು ಕುರಿತದ್ದು.

ಮೊದಲು ಕಿಡಿ, ಆಮೇಲೆ ಪೆಟ್ರೋಲು

ಮಳೆಯಲ್ಲಿ ನಿಂತ ಬೈಕಿಗೆಲ್ಲ ಪೆಟ್ರೋಲಿನ ದೋಷವೇ ಇರಬೇಕೆಂದಿಲ್ಲ. ಪ್ಲಗ್ಗಿನ ಟೋಪಿಯೊಳಗೆ ನೀರು ಸೇರಿದರೂ ಇಂಜಿನು ನಿಲ್ಲುವುದು. ಅದನ್ನು ಕಿತ್ತು ಒಣಬಟ್ಟೆಯಿಂದ ಒರೆಸಿ ಹಾಕಿ ನೋಡಿರಿ. ಇಂಜಿನು ತಣಿದ ಮೇಲೆ ಪ್ಲಗ್ಗನ್ನು ತೆಗೆದರೆ ಅದರ ತುದಿಯೇ ಅರ್ಧ ಕಥೆ ಹೇಳುತ್ತದೆ. ತಿಳಿಕಂದು ಬಣ್ಣವಿದ್ದರೆ ಕ್ಷೇಮ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಇಂಜಿನು ಪೆಟ್ರೋಲಿನಲ್ಲಿ ಮುಳುಗಿದೆ.

ಟ್ಯಾಂಕಿನಿಂದ ಕೆಳಕ್ಕೆ

ನೀರು ಬಾರದ ಗದ್ದೆಗೆ ಕಾಲುವೆಯ ತಲೆಯಿಂದಲೇ ನೋಡುತ್ತ ಬರುವಂತೆ ಇಲ್ಲಿಯೂ ಟ್ಯಾಂಕಿನಿಂದ ಆರಂಭಿಸಬೇಕು. ಬೈಕು ಕೆಲವು ಮೈಲಿ ಚೆನ್ನಾಗಿ ಓಡಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವುದು; ಟ್ಯಾಂಕಿನ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳಗೆಳೆಯುವುದು. ಹೀಗಾದರೆ ಮುಚ್ಚಳದ ಉಸಿರುಕಂಡಿ ಕೆಸರಿನಿಂದ ಕಟ್ಟಿದೆಯೆಂದೇ ತಿಳಿಯಿರಿ. ನಮ್ಮ ನೆರೆಯವರೊಬ್ಬರು ಇದೇ ಕಾಯಿಲೆಗೆ ಕಾರ್ಬುರೇಟರನ್ನೇ ಬದಲಾಯಿಸಿದ್ದರು. ಗುಣವಾದುದು ಮಾತ್ರ ಆ ಕಂಡಿಯನ್ನು ಚೊಕ್ಕಟ ಮಾಡಿದ ಮೇಲೆ.

ಮುಂದೆ, ಕಾರ್ಬುರೇಟರಿನ ಕೊಳವೆಯನ್ನು ಕಳಚಿ, ನಲ್ಲಿ ತೆರೆದು, ಗಾಜಿನ ಸೀಸೆಗೆ ಪೆಟ್ರೋಲು ಹಿಡಿಯಿರಿ. ಧಾರೆ ಎಡೆಬಿಡದೆ ಬೀಳಬೇಕು. ತೊಟ್ಟಿಕ್ಕಿದರೆ ನಲ್ಲಿಯಲ್ಲೋ ಫಿಲ್ಟರಿನಲ್ಲೋ ಕಸವಿದೆ. ಕೆಲವು ಬೈಕುಗಳಲ್ಲಿ ಇಂಜಿನು ತಿರುಗಿದಾಗ ಮಾತ್ರ ನಲ್ಲಿ ತೆರೆಯುವುದೆಂಬುದು ನೆನಪಿರಲಿ. ಈ ಕೆಲಸವನ್ನು ಬಯಲಿನಲ್ಲಿ, ಇಂಜಿನು ತಣ್ಣಗಿರುವಾಗ ಮಾಡತಕ್ಕದ್ದು. ಬೀಡಿ, ಒಲೆ, ದೀಪ ಹತ್ತಿರ ಕೂಡದು, ಮಕ್ಕಳೂ ದೂರವಿರಲಿ.

ಮಳೆಗಾಲದ ಶತ್ರು

ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಿಸದೆ ಇಡಿರಿ. ಅದು ಮಂಕಾಗಿದ್ದರೆ, ಅಥವಾ ತಳದಲ್ಲಿ ಬೇರೆಯ ಪದರ ನಿಂತರೆ, ನೀರು ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬೆರಕೆ ಆ ಮಟ್ಟ ಮುಟ್ಟಿತು. ಎಥನಾಲ್ ಎಂದರೆ ಮದ್ಯಸಾರ. ಅದು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಅದೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ನಲ್ಲಿ ಇರುವುದೂ ತಳದಲ್ಲೇ ಆದುದರಿಂದ ಇಂಜಿನಿಗೆ ಮೊದಲು ಸಿಕ್ಕುವುದು ಆ ನೀರೇ! ಇದಕ್ಕೆ ಮೇಲಿಂದ ಹೊಸ ಪೆಟ್ರೋಲು ಸುರಿಯುವುದು ಮದ್ದಲ್ಲ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒಣಗಿಸಬೇಕು. ತೆಗೆದುದನ್ನು ಕಾಫಿಗಿಡದ ಬುಡಕ್ಕಾಗಲಿ ತೋಡಿಗಾಗಲಿ ಚೆಲ್ಲಬೇಡಿರಿ. ಅಂತಹ ತೋಡುಗಳ ನೀರೇ ಮುಂದೆ ಕಬಿನಿಗೆ ಸೇರುವುದು.

ಆಮೇಲೆ ಕಾರ್ಬುರೇಟರಿನ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಅಲ್ಲಿಯ ಪೆಟ್ರೋಲನ್ನೂ ಇಳಿಸಿ ನೋಡಿರಿ. ಎಷ್ಟೋ ಸಲ ಇಷ್ಟರಿಂದಲೇ ಬೈಕು ಸರಿಹೋಗುವುದುಂಟು.

ಸೀಮೆಸುಣ್ಣದ ಪರೀಕ್ಷೆ

ಮೇಲಿನವೆಲ್ಲ ಸರಿಯಿದ್ದೂ ಕಾಯಿಲೆ ಉಳಿದರೆ ಕಾರ್ಬುರೇಟರಿನ ಸರದಿ. ಆಕ್ಸಿಲರೇಟರಿನ ಹಿಡಿಯ ಮೇಲೆ ಸೀಮೆಸುಣ್ಣದಿಂದ ಕಾಲು, ಅರೆ, ಮುಕ್ಕಾಲು ಎಂದು ಗುರುತು ಹಾಕಿರಿ. ಬಯಲು ದಾರಿಯಲ್ಲಿ ಓಡಿಸಿ, ಯಾವ ಗುರುತಿನಲ್ಲಿ ಕೆಮ್ಮುವುದೆಂದು ನೋಡಿರಿ. ಹಿಡಿ ಮುಚ್ಚಿದ್ದಾಗ ಇಂಜಿನು ನಿಂತುಹೋದರೆ ಪೈಲಟ್ ಜೆಟ್ ಕಟ್ಟಿರಬಹುದು. ಕಾಲಿನಿಂದ ಮುಕ್ಕಾಲಿನ ವರೆಗೆ ತೊಂದರೆಯಾದರೆ ಜಾರುವ ಕವಾಟದ ಸೂಜಿಯತ್ತ ನೋಡಬೇಕು. ಪೂರ್ತಿ ತಿರುಗಿಸಿದಾಗ ಮಾತ್ರ ಸೊರಗಿದರೆ ಮೇನ್ ಜೆಟ್.

ಇನ್ನೊಂದು ಪರೀಕ್ಷೆ ಚೋಕಿನದು. ಬಿಸಿಯಾದ ಇಂಜಿನಿನಲ್ಲಿ ಚೋಕ್ ಎಳೆದಾಗ ಓಟ ಸುಧಾರಿಸಿದರೆ ಪೆಟ್ರೋಲಿನ ಕೊರತೆ. ಜೆಟ್ ಕಟ್ಟಿದೆ, ಇಲ್ಲವೇ ರಬ್ಬರ್ ಕೊರಳು ಬಿರಿದು ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ಇನ್ನೂ ಕೆಟ್ಟರೆ ಪೆಟ್ರೋಲು ಹೆಚ್ಚು. ಏರ್ ಫಿಲ್ಟರನ್ನು ತೆಗೆದು ನೋಡಿ. ಬೇಸಿಗೆಯ ಧೂಳಿನಿಂದ ಅದು ಮುಚ್ಚಿಹೋಗುವುದು ಸಾಮಾನ್ಯ. ಕೊಳವೆಯಿಂದ ಪೆಟ್ರೋಲು ತಾನೇ ಸೋರುತ್ತಿದ್ದರೆ ಬಟ್ಟಲಿನ ತೇಲುಗುಂಡಿನ ಸೂಜಿಗೆ ಕಸ ಸಿಕ್ಕಿದೆ. ನಲ್ಲಿ ಮುಚ್ಚಿ, ಅದನ್ನು ತೊಳೆಸಿರಿ.

ಜೆಟ್ಟಿನ ಕಂಡಿಗೆ ಉಕ್ಕಿನ ತಂತಿ ತೂರಿಸಕೂಡದು. ಹಿತ್ತಾಳೆ ಮೆತ್ತಗೆ, ಕಂಡಿ ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ತಪ್ಪುತ್ತದೆ. ಶುಚಿಮಾಡುವ ದ್ರಾವಣ ಹಾಕಿ ಗಾಳಿಯ ಪಂಪಿನಿಂದ ಊದಿರಿ. ಮಿಶ್ರಣದ ತಿರುಪನ್ನು ತೆಗೆಯುವ ಮುನ್ನ ಒಳಕ್ಕೆ ಮೆಲ್ಲಗೆ ತಿರುಗಿಸಿ, ಅದು ತಂಗುವ ವರೆಗೆ ಎಷ್ಟು ಸುತ್ತಾಯಿತೆಂದು ಬರೆದಿಡಿರಿ. ಮರಳಿ ಹಾಕುವಾಗ ಅಷ್ಟೇ ಸುತ್ತು ಬಿಚ್ಚಿರಿ.

ಎತ್ತರದ ಲೆಕ್ಕ

ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಹತ್ತನೆಯ ಒಂದು ಪಾಲು ತೆಳ್ಳಗಾಗುತ್ತದೆ. ನಮ್ಮ ಜಿಲ್ಲೆ 700 ಮೀಟರಿಗಿಂತ ಮೇಲಿದೆ. ಕೋಳಿಕ್ಕೋಡಿನಲ್ಲಿ ಸರಿಪಡಿಸಿದ ಬೈಕು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಏರಿ ಬಂದಾಗ ಸ್ವಲ್ಪ ಮಸಿ ಕಕ್ಕುವುದಕ್ಕೆ ಇದೇ ಕಾರಣ. ಇತ್ತ ಎಥನಾಲಿಗೆ ಗಾಳಿ ಕಡಿಮೆ ಸಾಕು. ಶುದ್ಧ ಪೆಟ್ರೋಲಿನ ಒಂದು ತೂಕಕ್ಕೆ ಸುಮಾರು ಹದಿನಾಲ್ಕೂವರೆ ತೂಕ ಗಾಳಿ ಬೇಕಾದರೆ ಎಥನಾಲಿಗೆ ಒಂಬತ್ತೇ ಸಾಕು. ಹೀಗಾಗಿ ಬೆರಕೆ ಪೆಟ್ರೋಲು ಮಿಶ್ರಣವನ್ನು ತೆಳ್ಳಗೆ ಮಾಡಿದರೆ ಎತ್ತರ ಅದನ್ನು ಗಟ್ಟಿಮಾಡುತ್ತದೆ. ಎರಡೂ ಕೊಂಚ ಸರಿದೂಗುವುವು. ಆದುದರಿಂದ ಯಾರೋ ಹೇಳಿದರೆಂದು ಜೆಟ್ಟಿನ ಅಳತೆ ಬದಲಿಸುವುದು ಬೇಡ.

ಇಂಜೆಕ್ಷನ್ ಬೈಕಿನವರಿಗೆ ಒಂದೆರಡು ಮಾತು. ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗೆ ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಡಬೇಕು. ಸದ್ದಿಲ್ಲದಿದ್ದರೆ ಮೊದಲು ಬ್ಯಾಟರಿ, ಫ್ಯೂಸು ನೋಡಿರಿ. ಎಚ್ಚರಿಕೆಯ ದೀಪ ಆರದಿದ್ದರೆ ತಿಳಿದವರಲ್ಲಿಗೆ ಒಯ್ಯಿರಿ. ಪೆಟ್ರೋಲೇ ಆ ಪಂಪನ್ನು ತಣಿಸುವುದರಿಂದ ಟ್ಯಾಂಕು ಬತ್ತುವ ತನಕ ಓಡಿಸಬಾರದು.

ಜೂನ್ ತಿಂಗಳ ಮೊದಲ ಮಳೆಗೆ ಮುಂಚೆ ಹಳೆಯ ರಬ್ಬರ್ ಕೊಳವೆ ಬದಲಿಸಿ, ಫಿಲ್ಟರ್ ಹಾಕಿ, ಮುಚ್ಚಳದ ಅಂಚು ಪರೀಕ್ಷಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ನಲ್ಲಿ ಮುಚ್ಚಿ ಬಟ್ಟಲು ಬರಿದು ಮಾಡಿ. ಇದಕ್ಕೆ ಹಿಡಿಯುವುದು ಒಂದು ಭಾನುವಾರದ ಬೆಳಗು. ಕತ್ತಲಾಗುವ ಮೊದಲು ಮನೆ ಮುಟ್ಟುವ ಬೈಕಿಗೆ ಅಷ್ಟು ಆರೈಕೆ ಹೆಚ್ಚೇನಲ್ಲ.