ಬೂಷ್ಟು ಹಿಡಿದ ಶೇಂಗಾ ಮತ್ತು ಮಗುವಿನ ಲಿವರ್

ಅಂಬರನಾಥದ ಮಳೆಗಾಲದಲ್ಲಿ ಅಡುಗೆಮನೆಯ ಗೋಡೆಯೂ ಒದ್ದೆ. ಊರಿನಿಂದ ತಂದ ಶೇಂಗಾ, ಜೋಳ ಚೀಲದಲ್ಲೇ ತೇವ ಹೀರಿಕೊಳ್ಳುತ್ತವೆ. ಸ್ವಲ್ಪ ಬೂಷ್ಟು ಕಂಡರೆ ಒರೆಸಿ, ಹುರಿದು, ಚಟ್ನಿಪುಡಿ ಮಾಡಿದರಾಯಿತು ಎನ್ನುವವರು ಅನೇಕರು. ಹುರಿದರೆ ಬೂಷ್ಟು ಸಾಯುತ್ತದೆ, ನಿಜ. ಆದರೆ ಅದು ಕಾಳಿನೊಳಗೆ ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ.

ಆ ವಿಷವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಇದು ಬೆಳಕಿಗೆ ಬಂತು.

ಮಕ್ಕಳ ವಿಷಯದಲ್ಲಿ ನಮ್ಮ ಮೈಸೂರಿನಿಂದಲೇ ಒಂದು ಕಹಿ ಪಾಠವಿದೆ. ಪ್ರೋಟೀನ್ ಕೊರತೆಯಿಂದ ಮೈ ಊದಿಕೊಂಡ (ಕ್ವಾಷಿಯೋರ್ಕರ್) ಮಕ್ಕಳಿಗೆ ಚೇತರಿಕೆಗೆಂದು ಶೇಂಗಾ ಹಿಟ್ಟು ಕೊಡಲಾಗಿತ್ತು. ಅದರಲ್ಲಿ ಅಫ್ಲಾಟಾಕ್ಸಿನ್ ಇದ್ದದ್ದು ತಿಳಿದದ್ದು ಆಮೇಲೆ: ಕಿಲೋಗೆ ಸುಮಾರು 300 ಮೈಕ್ರೋಗ್ರಾಂ. ಇಂದು ಶೇಂಗಾಕ್ಕೆ ನಮ್ಮ ದೇಶದ ಮಿತಿ 15. ತಿಂದ ಮಕ್ಕಳಲ್ಲಿ ಲಿವರ್ ದಪ್ಪವಾಯಿತು, ಕೆಲವರಲ್ಲಿ ಗಟ್ಟಿಗಟ್ಟಿ ಸಿರೋಸಿಸ್ ಆಯಿತು. ಮೈಸೂರಿನ ವೈದ್ಯರೂ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳೂ ಸೇರಿ 1971ರಲ್ಲಿ ಇದನ್ನು ಪ್ರಕಟಿಸಿದರು. ಔಷಧಿಯಂತೆ ಕೊಟ್ಟ ಆಹಾರವೇ ಹೀಗೆ ಮಾಡಿತು. ಸೊರಗಿದ ಮಗುವಿನ ಲಿವರ್‌ಗೆ ವಿಷ ತಡೆಯುವ ಶಕ್ತಿ ಕಡಿಮೆ.

1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಕಾಮಾಲೆ, ಹೊಟ್ಟೆ ಊತ ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ ಬಂತು.

ಹಾಗೆಂದು ಮಕ್ಕಳ ಸಿರೋಸಿಸ್‌ಗೆಲ್ಲ ಬೂಷ್ಟೇ ಕಾರಣ ಎನ್ನಬೇಡಿ. ಒಂದು ಕಾಲಕ್ಕೆ ನಮ್ಮಲ್ಲಿ ಎಷ್ಟೋ ಕಂದಮ್ಮಗಳನ್ನು ಒಯ್ದ 'ಭಾರತೀಯ ಬಾಲ್ಯದ ಸಿರೋಸಿಸ್'ಗೆ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿಟ್ಟ ಹಾಲಿನ ತಾಮ್ರದ ನಂಟನ್ನು ಪುಣೆಯ ವೈದ್ಯರು ಎತ್ತಿ ತೋರಿಸಿದರು. ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಅಪರೂಪವಾಯಿತು.

ಮನೆಯಲ್ಲಿ ಏನು ಮಾಡಬಹುದು? ಮಳೆಗಾಲಕ್ಕೆ ಮುಂಚೆ ವರ್ಷದ ಶೇಂಗಾ ಕೂಡಿಡಬೇಡಿ. ಹದಿನೈದು ದಿನಕ್ಕೆ ಬೇಕಾದಷ್ಟು ತಂದು ಬಿಗಿ ಡಬ್ಬಿಯಲ್ಲಿಡಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿ ಕಾಳು ಆರಿಸಿ ಬಿಸಾಡಿ: ಹೆಚ್ಚಿನ ವಿಷ ಅವುಗಳಲ್ಲೇ ಇರುತ್ತದೆ. ಹಸಿರು, ಹಳದಿ ಬೂಷ್ಟು ಕಂಡ ಚೀಲವನ್ನು ದನಕ್ಕೂ ಹಾಕಬೇಡಿ. ವಿಷ ಹಾಲಿಗೂ ಇಳಿಯುತ್ತದೆ. ಹುಟ್ಟಿದೊಡನೆ ಕೊಡುವ ಹೆಪಟೈಟಿಸ್ ಬಿ ಲಸಿಕೆ ತಪ್ಪಿಸಬೇಡಿ. ಆ ಸೋಂಕಿನ ಜೊತೆ ಅಫ್ಲಾಟಾಕ್ಸಿನ್ ಸೇರಿದರೆ ಮುಂದೆ ಲಿವರ್ ಕ್ಯಾನ್ಸರ್ ಅಪಾಯ ಬಹಳ ಏರುತ್ತದೆ.

ಮಗುವಿನ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಹೊಟ್ಟೆ ಊದಿದರೆ ನಾಟಿ ಔಷಧಿಗೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಂಪರು, ರಕ್ತವಾಂತಿ, ಒಸಡಿನಲ್ಲಿ ರಕ್ತ ಇದ್ದರೆ ಅದೇ ಗಂಟೆ ಆಸ್ಪತ್ರೆಗೆ. ಮಳೆಗಾಲದ ಕಾಮಾಲೆಗೆ ಹೆಚ್ಚಾಗಿ ಹೆಪಟೈಟಿಸ್ ಎ ವೈರಸ್ಸೇ ಕಾರಣ. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಈಚೆಗೆ ಬೂಷ್ಟಿನ ಕಾಳು ತಿಂದಿದ್ದರೆ ಆ ಮಾತನ್ನು ವೈದ್ಯರಿಗೆ ನೀವೇ ಹೇಳಿ. ಉಳಿದ ಕಾಳಿದ್ದರೆ ಪೊಟ್ಟಣ ಕಟ್ಟಿ ಜೊತೆಗೆ ಒಯ್ಯಿರಿ.