ಬ್ರೇಕು ಒತ್ತಿದಾಗ ನಡುಗುವ ಸ್ಟೀರಿಂಗ್: ಕಾರ್ಯದಿಂದ ಕಾರಣದ ಶೋಧನೆ

ಹೊಳೆಯ ನೀರು ಏರಿದುದನ್ನು ಕಂಡು ಮೇಲಣ ಸೀಮೆಯಲ್ಲಿ ಮಳೆಯಾಗಿದೆಯೆಂದು ತಿಳಿಯುವುದನ್ನು ನ್ಯಾಯಶಾಸ್ತ್ರದಲ್ಲಿ 'ಶೇಷವತ್' ಎಂಬ ಅನುಮಾನಕ್ಕೆ ನಿದರ್ಶನವಾಗಿ ಹೇಳಿದೆ. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ಕ್ರಮವಿದು. ನ್ಯಾಯಸೂತ್ರದಲ್ಲಿಯೇ ಇದಕ್ಕೊಂದು ಆಕ್ಷೇಪವೂ ಉಂಟು: ಹರಿವಿಗೆ ಅಡ್ಡವಾಗಿ ಏನಾದರೂ ತಡೆಯುಂಟಾದರೂ ನೀರು ಏರಬಹುದಲ್ಲವೆ? ಭಾಷ್ಯಕಾರನಾದ ವಾತ್ಸ್ಯಾಯನನ ಸಮಾಧಾನವಿಷ್ಟು: ಬರಿಯ ಏರಿಕೆಯಿಂದ ಮಳೆಯನ್ನು ಊಹಿಸತಕ್ಕದ್ದಲ್ಲ, ಹರಿವಿನ ವೇಗ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ, ಇವುಗಳಿಂದ ಕೂಡಿದ ಏರಿಕೆಯೇ ಮಳೆಗೆ ಸಾಕ್ಷಿ. ಕಾರ್ಯವನ್ನು ಅದರ ವಿಶೇಷ ಲಕ್ಷಣಗಳೊಡನೆ ಗ್ರಹಿಸಿದ ಮೇಲಲ್ಲದೆ ಕಾರಣದ ಮಾತು ಎತ್ತಲಾಗದು ಎಂಬುದು ಇದರ ತಾತ್ಪರ್ಯ. ಇತಿಹಾಸದ ವಿದ್ಯಾರ್ಥಿಗೆ ನಿತ್ಯೋಪಯೋಗಿಯಾದ ಈ ನಿಯಮವನ್ನು ಒಂದು ಲೌಕಿಕ ವಿಷಯಕ್ಕೆ ಅನ್ವಯಿಸಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಲೇಖಕನ ಬಳಿ ಹಳೆಯದೊಂದು ಚಿಕ್ಕ ಕಾರು ಇದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು. ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಬ್ರೇಕು ಒತ್ತಿದಾಗ ಸ್ಟೀರಿಂಗ್ ಚಕ್ರ ಕೈಯಲ್ಲಿ ನಡುಗತೊಡಗಿತು. ಗ್ಯಾರೇಜಿನವರು ಗಾಡಿಯನ್ನು ಓಡಿಸಿ ನೋಡದೆಯೇ 'ಡಿಸ್ಕ್ ಬೆಂಡಾಗಿದೆ' ಎಂದು ತೀರ್ಮಾನಿಸಿ ಎರಡು ಡಿಸ್ಕುಗಳನ್ನೂ ಬದಲಿಸಿದರು. ನಡುಕ ನಿಂತಿತು, ಕೆಲವು ತಿಂಗಳ ತರುವಾಯ ಮರಳಿ ಬಂದಿತು. ಡಿಸ್ಕುಗಳನ್ನು ಮತ್ತೊಮ್ಮೆ ಬದಲಿಸಿದ್ದಾಯಿತು. ನಡುಕವೂ ಮತ್ತೊಮ್ಮೆ ಬಂದಿತು. ಹಣ ವ್ಯರ್ಥವಾದುದು ಹಾಗಿರಲಿ. ಮನೆಮಂದಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯುವವನಿಗೆ ಬ್ರೇಕಿನ ಮೇಲೆ ನಂಬಿಕೆ ಹೋಗುವುದು ಸಣ್ಣ ಸಂಗತಿಯಲ್ಲ. ಎಸೆದ ಡಿಸ್ಕುಗಳೊಡನೆ ಸಾಕ್ಷ್ಯವೂ ಹೋಯಿತೆಂಬುದು ಬಹಳ ತಡವಾಗಿ ಹೊಳೆಯಿತು.

೧. ಎರಡು ಬಗೆಯ ಬ್ರೇಕುಗಳು

ವಿಚಾರಣೆಗೆ ಮೊದಲು ಗಾಡಿಯ ರಚನೆಯನ್ನು ತಿಳಿಯತಕ್ಕದ್ದು. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮಿನ ಒಳಮೈಗೆ ಎರಡು ಶೂಗಳು ಒತ್ತುತ್ತವೆ. ಡಿಸ್ಕ್ ಬ್ರೇಕಿನಲ್ಲಿ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬಿಲ್ಲೆಯನ್ನು ಎರಡು ಪ್ಯಾಡುಗಳು ಇಕ್ಕೆಲದಿಂದ ಹಿಡಿಯುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ೧೯೦೨ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದನಾದರೂ ಅದು ಪ್ರಚಾರಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ೧೯೫೩ರ ಲ್ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. ೧೯೫೫ರಲ್ಲಿ ಸಿಟ್ರೋಎನ್ ಡಿ.ಎಸ್. ಕಾರಿನ ಮುಂದಿನ ಚಕ್ರಗಳಿಗೆ ಅದನ್ನು ಅಳವಡಿಸಲಾಯಿತು. ನಮ್ಮ ದೇಶದ ಹಳೆಯ ಅಂಬಾಸಡರ್ ಕಾರುಗಳಲ್ಲಾದರೋ ನಾಲ್ಕು ಚಕ್ರಗಳಿಗೂ ಡ್ರಮ್ಮೇ ಇದ್ದಿತು. ಆದುದರಿಂದ 'ಡಿಸ್ಕ್ ಬೆಂಡಾಗಿದೆ' ಎಂಬ ಸಿದ್ಧವಾಕ್ಯ ಎಲ್ಲ ಹಳೆಯ ಗಾಡಿಗಳಿಗೂ ಹೊಂದತಕ್ಕದ್ದಲ್ಲ.

೨. ನಡುಕದ ಲಕ್ಷಣಗಳು

ಎಲ್ಲಕ್ಕಿಂತ ಮೊದಲು ಗಾಡಿಯನ್ನು ನಿಲ್ಲಿಸಿ ಚಕ್ರಗಳ ನಟ್ಟುಗಳು ಬಿಗಿಯಾಗಿವೆಯೆ, ಟೈರು ಎಲ್ಲಿಯಾದರೂ ಉಬ್ಬಿದೆಯೆ ಎಂದು ನೋಡಬೇಕು. ಸಡಿಲವಾದ ನಟ್ಟು ವಿಚಾರಣೆಗೆ ಅವಕಾಶ ಕೊಡದೆ ಅನಾಹುತ ಮಾಡಬಲ್ಲುದು.

ಅನಂತರ ಕೇಳಬೇಕಾದ ಪ್ರಶ್ನೆ: ಬ್ರೇಕು ಒತ್ತದಿರುವಾಗಲೂ ನಡುಕವಿದೆಯೆ? ಒಂದು ನಿಯತ ವೇಗದಲ್ಲಿ ಬ್ರೇಕಿನ ಹಂಗಿಲ್ಲದೆ ನಡುಕ ಕಾಣಿಸಿಕೊಂಡರೆ ಚಕ್ರದ ಸಮತೋಲ ತಪ್ಪಿರುವುದನ್ನೋ ಟೈರಿನ ದೋಷವನ್ನೋ ಶಂಕಿಸಬೇಕು. ಬ್ರೇಕು ಒತ್ತಿದಾಗ ಮಾತ್ರ ಹುಟ್ಟಿ, ಬಿಟ್ಟೊಡನೆ ಅಡಗಿದರೆ ಬ್ರೇಕಿನ ಕಡೆಗೆ ತಿರುಗಬೇಕು.

ಎರಡನೆಯ ಪ್ರಶ್ನೆ: ನಡುಕ ಎಲ್ಲಿ ತಿಳಿಯುತ್ತದೆ? ಮುಂದಿನ ಚಕ್ರಗಳು ಟೈರಾಡುಗಳ ಮೂಲಕ ಸ್ಟೀರಿಂಗಿಗೆ ಸೇರಿರುವುದರಿಂದ ಅವುಗಳ ದೋಷ ಕೈಗೆ ತಿಳಿಯುತ್ತದೆ. ಹಿಂದಿನ ಡ್ರಮ್ಮು ತನ್ನ ದುಂಡುತನವನ್ನು ಕಳೆದುಕೊಂಡಿದ್ದರೆ ನಡುಕ ಹೆಚ್ಚಾಗಿ ಸೀಟಿಗೂ ಪೆಡಲಿಗೂ ಬರುತ್ತದೆ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವ ಗಾಡಿಯಾದರೆ ಇದನ್ನು ಪರೀಕ್ಷಿಸಬಹುದು: ಜನಸಂಚಾರವಿಲ್ಲದ ಒಣಗಿದ ನೇರ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ, ಹಿಡಿಯ ಗುಂಡಿಯನ್ನು ಅದುಮಿಕೊಂಡೇ ಮೆಲ್ಲನೆ ಎಳೆಯತಕ್ಕದ್ದು. ನಡುಕ ಬಂದರೆ ದೋಷ ಹಿಂದೆ ಇದೆ. ಬಾರದೆ, ಪೆಡಲು ಒತ್ತಿದಾಗ ಮಾತ್ರ ಬಂದರೆ ಮುಂದೆ ಇರುವ ಸಂಭವ ಹೆಚ್ಚು.

ಮೂರನೆಯದು ನಡುಕದ ಲಯ. ಸುತ್ತಳತೆ ೧.೭ ಮೀಟರ್ ಇರುವ ಚಕ್ರ ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ೧೩ ಸುತ್ತು ತಿರುಗುತ್ತದೆ. ಡಿಸ್ಕಿನಲ್ಲಿ ಒಂದು ಕಡೆ ದೋಷವಿದ್ದರೆ ಸುತ್ತಿಗೊಂದರಂತೆ ಸೆಕೆಂಡಿಗೆ ೧೩ ತಾಡನಗಳುಂಟಾಗುವುವು. ವೇಗ ತಗ್ಗಿದಂತೆ ಲಯವೂ ತಗ್ಗಿದರೆ ದೋಷ ಚಕ್ರದೊಡನೆ ತಿರುಗುವ ವಸ್ತುವಿನಲ್ಲಿದೆಯೆಂಬುದು ಸ್ಪಷ್ಟ. ಸವೆದ ಬಾಲ್ ಜಾಯಿಂಟು, ಟೈರಾಡಿನ ತುದಿ, ಬುಶ್ಶು ಮೊದಲಾದವು ತಿರುಗುವ ಭಾಗಗಳಲ್ಲ; ಅವು ಸಾಮಾನ್ಯವಾಗಿ ನಡುಕವನ್ನು ಹುಟ್ಟಿಸುವುದಕ್ಕಿಂತ ಹಿಗ್ಗಿಸುತ್ತವೆ.

೩. ಬಾಗಿದ ಡಿಸ್ಕೆಂಬ ಜನಶ್ರುತಿ

ಸಾಮಾನ್ಯ ಬಳಕೆಯ ಕಾರಿನಲ್ಲಿ ಎರಕದ ಡಿಸ್ಕು ಬರಿಯ ಕಾವಿನಿಂದ ಬಾಗುವುದು ಅಪರೂಪ. ಹೆಚ್ಚು ಸಲ ಕಂಡುಬರುವ ದೋಷವೆಂದರೆ ಡಿಸ್ಕಿನ ದಪ್ಪ ಸುತ್ತಲೂ ಏಕರೀತಿಯಾಗಿಲ್ಲದಿರುವುದು. ದಪ್ಪವಾದ ಭಾಗ ಪ್ಯಾಡುಗಳ ನಡುವೆ ಹಾಯುವಾಗ ಹಿಡಿತ ಹೆಚ್ಚುತ್ತದೆ, ತೆಳುವಾದ ಭಾಗ ಹಾಯುವಾಗ ತಗ್ಗುತ್ತದೆ. ಈ ಏರಿಳಿತ ಬ್ರೇಕ್ ಎಣ್ಣೆಯ ಮೂಲಕ ಪಾದಕ್ಕೂ, ಟೈರಾಡಿನ ಮೂಲಕ ಕೈಗೂ ಮುಟ್ಟುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸವೂ ಕೆಲವು ಗಾಡಿಗಳಲ್ಲಿ ಕೈಗೆ ತಿಳಿಯಬಲ್ಲುದು; ಕಣ್ಣಿಗೆ ಮಾತ್ರ ಎಂದೂ ಕಾಣದು.

ದಪ್ಪದಲ್ಲಿ ಈ ಭೇದ ಬರುವ ಬಗೆ ಎರಡು. ಘಾಟಿ ಇಳಿದು ಕೆಂಡದಂತೆ ಕಾದ ಬ್ರೇಕನ್ನು ಒತ್ತಿಕೊಂಡೇ ನಿಂತರೆ ಪ್ಯಾಡಿನ ದ್ರವ್ಯ ಡಿಸ್ಕಿನ ಒಂದೇ ಭಾಗಕ್ಕೆ ಅಂಟಿಕೊಳ್ಳಬಹುದು. ಎರಡನೆಯ ಬಗೆ ಇನ್ನೂ ಸೂಕ್ಷ್ಮ. ಡಿಸ್ಕು ಕೂರುವ ಹಬ್‌ನ ಮುಖದ ಮೇಲೆ ತುಕ್ಕೋ ಕೊಳೆಯೋ ಉಳಿದಿದ್ದರೆ, ಅಥವಾ ನಟ್ಟುಗಳನ್ನು ಏರುಪೇರಾಗಿ ಬಿಗಿದಿದ್ದರೆ, ಹೊಸ ಡಿಸ್ಕೂ ಕೊಂಚ ಓರೆಯಾಗಿ ಕೂರುತ್ತದೆ. ಆಗ ಬ್ರೇಕು ಒತ್ತದಿರುವಾಗಲೂ ಅದರ ಒಂದು ಭಾಗ ಸುತ್ತಿಗೊಮ್ಮೆ ಪ್ಯಾಡಿಗೆ ಸವರುತ್ತದೆ. ಹೀಗೆ ಸವರಿ ಸವರಿ, ಸಾವಿರಾರು ಕಿಲೋಮೀಟರ್ ಕ್ರಮಿಸಿದ ಮೇಲೆ ಆ ಭಾಗ ತೆಳುವಾಗಿ, ನಡುಕ ಮೊದಲಾಗುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ತಿಂಗಳುಗಳ ಅಂತರವಿರುವುದರಿಂದಲೇ ಇವೆರಡರ ಸಂಬಂಧ ಮರೆಯಾಗುತ್ತದೆ. ಹೊಸ ಡಿಸ್ಕು ಹಾಕಿದಾಗ ನಡುಕ ನಿಂತುದು ಕಾರಣ ನೀಗಿತೆಂಬುದಕ್ಕೆ ಪ್ರಮಾಣವಾಗಿರಲಿಲ್ಲ. ಸವೆತ ಹೊಸದಾಗಿ ಮೊದಲಾಯಿತೆಂಬುದಷ್ಟೇ ಅದರ ಅರ್ಥವಾಗಿದ್ದಿತು.

೪. ನಿರ್ಣಾಯಕ ಪರೀಕ್ಷೆ

ಮೂರನೆಯ ಸಲ ಬೇರೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು ಏನನ್ನೂ ಬದಲಿಸದೆ ಅಳತೆಗೆ ತೊಡಗಿದರು. ಡಿಸ್ಕಿನ ಸುತ್ತಲೂ ಎಂಟು ಕಡೆ ಸೀಮೆಸುಣ್ಣದ ಗುರುತು ಹಾಕಿ, ಮೈಕ್ರೋಮೀಟರಿನಿಂದ ದಪ್ಪ ಅಳೆದರು. ಒಂದು ಮಗ್ಗುಲು ತೆಳುವಾಗಿದ್ದಿತು. ಬೇರಿಂಗಿನಲ್ಲಿ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡು, ನಟ್ಟುಗಳನ್ನು ಬಿಗಿದು, ಡಯಲ್ ಗೇಜನ್ನು ಡಿಸ್ಕಿನ ಮುಖಕ್ಕೆ ತಾಗಿಸಿ ಚಕ್ರದ ಹಬ್ಬನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಮುಳ್ಳು ಒಂದು ಕಡೆ ಏರಿ, ಎದುರು ಕಡೆ ಇಳಿಯಿತು. ತಯಾರಕರ ಕೈಪಿಡಿಯ ಮಿತಿಯನ್ನು ಈ ಓರೆ ಮೀರಿದ್ದಿತು.

ಓರೆ ಡಿಸ್ಕಿನದೋ ಹಬ್‌ನದೋ? ಇದನ್ನು ತೀರ್ಮಾನಿಸಲು ಅವರು ಮಾಡಿದ ಉಪಾಯ ಅತ್ಯಂತ ಸರಳವಾದುದು. ಡಿಸ್ಕನ್ನು ಬಿಚ್ಚಿ, ಹಬ್‌ನ ಮೇಲೆ ಒಂದು ತೂತಿನಷ್ಟು ತಿರುಗಿಸಿ ಕೂರಿಸಿ, ಪುನಃ ಅಳೆದರು. ಎತ್ತರದ ಸ್ಥಾನ ಡಿಸ್ಕಿನೊಡನೆ ಸರಿದಿದ್ದರೆ ದೋಷ ಡಿಸ್ಕಿನದು. ಹಬ್‌ನ ಗುರುತಿನಲ್ಲಿಯೇ ನಿಂತರೆ ಹಬ್‌ನದು. ಅದು ನಿಂತಲ್ಲಿಯೇ ನಿಂತಿತು. ಹಬ್‌ನ ಮುಖದ ಮೇಲೆ, ನಡುವಣ ಉಬ್ಬಿನ ಸುತ್ತ, ತುಕ್ಕಿನದೊಂದು ತೆಳುವಾದ ಪದರವಿದ್ದಿತು. ಎರಡು ಸಲ ಡಿಸ್ಕು ಬದಲಿಸಿದವರಲ್ಲಿ ಯಾರೂ ಅದನ್ನು ಒರೆಸಿರಲಿಲ್ಲ. ತಂತಿಯ ಬ್ರಶ್ಶಿನಿಂದ ಉಜ್ಜಿ ತೆಗೆದ ಮೇಲೆ ಓರೆ ಮಿತಿಯೊಳಕ್ಕೆ ಬಂದಿತು. ಹಳೆಯ ಡಿಸ್ಕಿನ ಮೇಲೆ ಬರೆದಿರುವ ಕನಿಷ್ಠ ದಪ್ಪಕ್ಕಿಂತ ಅದು ಹೆಚ್ಚು ದಪ್ಪವಿದ್ದುದರಿಂದ ಲೇತಿನಲ್ಲಿ ಎರಡು ಮೈಗಳನ್ನೂ ಸಮಮಾಡಿಸಿ ಅದನ್ನೇ ಹಾಕಲಾಯಿತು. ಕ್ಯಾಲಿಪರಿನ ಪಿನ್ನುಗಳು ಸಲೀಸಾಗಿ ಸರಿಯುತ್ತವೆಯೆ ಎಂದು ನೋಡಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿದರು. ಆ ಬಳಿಕ ನಡುಕ ಮರಳಿಲ್ಲ.

ಈ ಪ್ರಸಂಗದಲ್ಲಿ ಮೊದಲಿನವರ ತಪ್ಪು ಕೈಕೆಲಸದ ತಪ್ಪಲ್ಲ, ಅನುಮಾನದ ತಪ್ಪು. ಅವರು ನೀರಿನ ಏರಿಕೆಯನ್ನಷ್ಟೇ ಕಂಡರು. ನೊರೆಯನ್ನೂ ತೇಲಿಬಂದ ಕಟ್ಟಿಗೆಯನ್ನೂ ನೋಡಲಿಲ್ಲ. ಶಾಸನವೊಂದರ ಕಾಲವನ್ನು ಒಂದೇ ಅಕ್ಷರದ ರೂಪದಿಂದ ನಿರ್ಣಯಿಸುವವನೂ, ರಾಜ್ಯವೊಂದರ ಪತನಕ್ಕೆ ಅದರ ಕೊನೆಯ ಯುದ್ಧವೇ ಕಾರಣವೆಂದು ಬರೆಯುವವನೂ ಇದೇ ತಪ್ಪಿಗೆ ಒಳಗಾಗುತ್ತಾರೆ. ಸಾಕ್ಷ್ಯವನ್ನು ಕೆಡಿಸುವ ಮೊದಲು ಅದನ್ನು ಅಳೆಯಬೇಕು. ದೋಷ ಕಾಣಿಸಿಕೊಂಡ ಸ್ಥಾನವೇ ಅದು ಹುಟ್ಟಿದ ಸ್ಥಾನವೆಂದು ಭಾವಿಸಬಾರದು. ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ನೋಡಿದ ಆ ಮೆಕ್ಯಾನಿಕ್ಕಿನ ಉಪಾಯಕ್ಕೆ ಸಮನಾದ ಪರೀಕ್ಷೆಯೊಂದು ತಮ್ಮ ವಿಷಯದಲ್ಲಿ ಯಾವುದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸಂಪ್ರಬಂಧಕ್ಕೆ ತೊಡಗುವ ಮೊದಲೇ ಕೇಳಿಕೊಳ್ಳುವುದು ಒಳಿತು.